ಎಲುಬಿಗೂ ಚಳಿ

(ಚಿತ್ರಕಲೆ ಕಲಿಯುವ ಮಕ್ಕಳು ಮತ್ತು ಅವರ ಮನೆಯವರ ಮುಂದೆ ಒಂದು ಸಂಜೆ ಆಡಿದ ಮಾತುಗಳಿವು. ಅಲ್ಲಿ ಪರದೆಯ ಮೇಲೆ ಚಿತ್ರಗಳಿದ್ದವು. ಇಲ್ಲಿ ಅವನ್ನೂ ಮಾತಿನಲ್ಲೇ ತೋರಿಸಬೇಕಾಗಿರುವುದರಿಂದ ಕೆಲವು ಕಡೆ ವಿವರ ಸ್ವಲ್ಪ ಜಾಸ್ತಿ ಆಗಿದೆ.)

ಎಲ್ಲರಿಗೂ ನಮಸ್ಕಾರ.

ನಾನು ಚಿತ್ರ ಬರೆಯುವುದನ್ನು ಕಲಿಯುತ್ತಿದ್ದಾಗ ನಮ್ಮ ತರಗತಿಯ ಮೂಲೆಯಲ್ಲಿ ಒಂದು ಅಸ್ಥಿಪಂಜರ ಇತ್ತು. ನೆತ್ತಿಗೆ ಒಂದು ಕೊಂಡಿ ಹಾಕಿ ಕಬ್ಬಿಣದ ಕಂಬಕ್ಕೆ ನೇತುಹಾಕಿದ್ದರು. ನಾವು ಅದರ ಮುಂದೆ ಕೂತು ಪಕ್ಕೆಲುಬು ಎಣಿಸುತ್ತಿದ್ದೆವು. ಈ ಕಡೆ 12, ಆ ಕಡೆ 12. ಮೊಣಕೈ ಎಲ್ಲಿ ಮಡಚುತ್ತದೆ, ಸೊಂಟದ ಮೂಳೆ ಎಷ್ಟು ಅಗಲ, ಬರೀ ಇದೇ ಲೆಕ್ಕ.

ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ತುಂಬಾ ಚಳಿ ಇತ್ತು. ಒಬ್ಬ ಹುಡುಗ ತನ್ನ ಮಫ್ಲರ್ ಬಿಚ್ಚಿ ಆ ಅಸ್ಥಿಪಂಜರದ ಕುತ್ತಿಗೆಗೆ ಸುತ್ತಿಬಿಟ್ಟ. ಅಷ್ಟರಲ್ಲಿ ಮೇಷ್ಟ್ರು ಬಂದರು. ನಾವೆಲ್ಲ ಉಸಿರು ಬಿಗಿಹಿಡಿದು ಕೂತೆವು. ಆ ಹುಡುಗ ಎದ್ದು ನಿಂತು, "ಪಾಪ, ಚಳಿ ಅಲ್ವಾ ಸಾರ್" ಅಂದ. ಮೇಷ್ಟ್ರು ಒಂದು ಗಳಿಗೆ ಸುಮ್ಮನೆ ನೋಡಿದರು. ಆಮೇಲೆ ನಕ್ಕರು. "ಇರ್ಲಿ ಬಿಡು. ಇವತ್ತು ಮಫ್ಲರ್ ಸಮೇತ ಬರೀರಿ" ಅಂದರು.

ಆ ದಿನದ ಚಿತ್ರಗಳು ಬೇರೆಯೇ ಥರ ಬಂದವು. ಎಲುಬು ಅದೇ, ಅಳತೆ ಅದೇ. ಆದರೆ ಅದುವರೆಗೆ ನಾವು ಮೂಳೆ ಬರೆಯುತ್ತಿದ್ದೆವು, ಅವತ್ತು ಯಾರನ್ನೋ ಬರೆಯುತ್ತಿದ್ದೆವು. ಬರೆಯುತ್ತಾ ನಗುತ್ತಿದ್ದೆವು. ನನಗೆ ಮಾತ್ರ ಮಧ್ಯದಲ್ಲಿ ಎಲ್ಲೋ ಹೊಟ್ಟೆಯಲ್ಲಿ ಸಂಕಟವಾಯಿತು. ಇವರು ಯಾರಿದ್ದಿರಬಹುದು? ಬದುಕಿದ್ದಾಗ ಇವರಿಗೆ ಯಾರಾದರೂ ಹೀಗೆ ಮಫ್ಲರ್ ಸುತ್ತಿದ್ದರಾ?

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಆ ಮಫ್ಲರಿನ ಕಥೆಯನ್ನೇ. ಮೂಳೆಗೆ ಚಳಿಯಾಗುವುದಿಲ್ಲ, ಹಸಿವಾಗುವುದಿಲ್ಲ, ಯಾರೂ ಬರಲಿಲ್ಲ ಅಂತ ಬೇಜಾರೂ ಆಗುವುದಿಲ್ಲ. ಅಂಥದಕ್ಕೆ ಒಬ್ಬ ಚಿತ್ರಗಾರ ಏನೋ ಒಂದು ಬೇಕು ಅನ್ನುವ ಆಸೆ ಕೊಡುತ್ತಾನೆ. ಬೆಂಕಿ ಬೇಕು, ಬೀಡಿ ಬೇಕು, ಮೀನು ಬೇಕು, ಟೋಪಿ ಬೇಕು. ಕೊಟ್ಟ ಕೂಡಲೇ ಅದು ನಮ್ಮ ಮನೆಯವರ ಥರ ಆಗಿಬಿಡುತ್ತದೆ. ನಗುವೂ ಬರುತ್ತದೆ, ಕರುಳೂ ಹಿಂಡುತ್ತದೆ.

ಮೊದಮೊದಲು ಹೀಗಿರಲಿಲ್ಲ. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಸಾಂತಾ ಮರಿಯಾ ನೊವೆಲ್ಲಾ ಅನ್ನುವ ಚರ್ಚಿದೆ. ಅಲ್ಲಿ ಮಸಾಚ್ಚೊ ಅನ್ನುವವನು 1427ರ ಸುಮಾರಿಗೆ ಗೋಡೆಯ ಮೇಲೆ ಒಂದು ದೊಡ್ಡ ಚಿತ್ರ ಬರೆದ. ಮೇಲೆ ಶಿಲುಬೆಯ ಮೇಲಿನ ಕ್ರಿಸ್ತ. ಕೆಳಗೆ, ನಿಂತು ನೋಡುವವರ ಎದುರಿಗೇ, ಒಂದು ಕಲ್ಲಿನ ಪೆಟ್ಟಿಗೆಯ ಮೇಲೆ ಮಲಗಿದ ಅಸ್ಥಿಪಂಜರ. ಅದರ ಮೇಲ್ಗಡೆ ಒಂದು ಸಾಲು ಬರೆದಿದೆ. "ನೀವು ಈಗ ಏನಾಗಿದ್ದೀರೋ ಹಿಂದೆ ನಾನೂ ಅದೇ ಆಗಿದ್ದೆ. ಈಗ ನಾನು ಏನಾಗಿದ್ದೇನೋ ಮುಂದೆ ನೀವೂ ಅದೇ ಆಗುತ್ತೀರಿ." ಗಟ್ಟಿ ಮಾತು. ನಿಜವಾದ ಮಾತು. ಆದರೆ ಮಲಗಿರುವ ಆ ಎಲುಬಿಗೆ ನಮ್ಮಿಂದ ಏನೂ ಬೇಕಿಲ್ಲ. ಪಾಠ ಹೇಳಿ ಸುಮ್ಮನಾಗುತ್ತದೆ. ಮುಂದೆ ಆ ಚಿತ್ರದ ಎದುರಿಗೆ ಒಂದು ಪೂಜಾಪೀಠ ಕಟ್ಟಿದ್ದರಿಂದ ಅಸ್ಥಿಪಂಜರ ಸುಮಾರು 400 ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಬೆಳಕಿಗೆ ಬಂದದ್ದು 1952ರಲ್ಲಿ.

ಅದನ್ನು ಎಬ್ಬಿಸಿ ಕುಣಿಸಿದವರು ಬೇರೆ. 1347ರಿಂದ ನಾಲ್ಕೈದು ವರ್ಷ ಯುರೋಪಿನಲ್ಲಿ ಪ್ಲೇಗ್ ಹಬ್ಬಿತು. ಮೂವರಲ್ಲಿ ಒಬ್ಬರಾದರೂ ಸತ್ತರು ಅಂತ ಲೆಕ್ಕ. ಆಮೇಲೂ ಅದು ಮತ್ತೆ ಮತ್ತೆ ಬರುತ್ತಲೇ ಇತ್ತು. ನಮ್ಮ ಕಡೆಯ ಹಿರಿಯರೂ ಪ್ಲೇಗಿನ ಕಾಲ ನೋಡಿದವರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಯನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರುತ್ತೀರಿ. ಹಾಗಾಗಿ ಈ ಚಿತ್ರಗಳು ನಮಗೆ ತೀರಾ ದೂರದವಲ್ಲ.

ಆ ಭಯದ ಕಾಲದಲ್ಲಿ ಚರ್ಚಿನ ಗೋಡೆಗಳ ಮೇಲೆ, ಸ್ಮಶಾನದ ಗೋಡೆಗಳ ಮೇಲೆ ಒಂದು ಕುಣಿತ ಶುರುವಾಯಿತು. ಒಂದು ಅಸ್ಥಿಪಂಜರ, ಒಬ್ಬ ಮನುಷ್ಯ. ಮತ್ತೊಂದು ಅಸ್ಥಿಪಂಜರ, ಮತ್ತೊಬ್ಬ ಮನುಷ್ಯ. ಎಲ್ಲರೂ ಕೈ ಕೈ ಹಿಡಿದು ಸಾಲಾಗಿ. ಪೋಪ್, ಚಕ್ರವರ್ತಿ, ರಾಜ, ವ್ಯಾಪಾರಿ, ರೈತ, ಕೊನೆಯಲ್ಲಿ ಕೂಸು. ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ 1424-25ರಲ್ಲಿ ಇಂಥದ್ದೊಂದು ಬರೆದರು. ಅದೀಗ ಇಲ್ಲ, 1669ರಲ್ಲಿ ಗೋಡೆಯನ್ನೇ ಕೆಡವಿದರು. ಜರ್ಮನಿಯ ಲ್ಯೂಬೆಕ್ ಊರಿನ ಚರ್ಚಿಗೆ 1463ರಲ್ಲಿ ಬೆರ್ನ್ಟ್ ನೋಟ್ಕೆ ಬರೆದುಕೊಟ್ಟ. ಅದು ಹಳತಾದಾಗ 1701ರಲ್ಲಿ ನಕಲು ಮಾಡಿಸಿ ಹಾಕಿದರು. ಆ ನಕಲೂ 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಅದೇ ನೋಟ್ಕೆಯ ಕೈಯದ್ದೇ ಅನ್ನುವ ಇನ್ನೊಂದು ಚಿತ್ರದ ತುಂಡು ಎಸ್ಟೋನಿಯಾದ ಟಾಲಿನ್ ನಗರದಲ್ಲಿ ಉಳಿದಿದೆ. ಏಳೂವರೆ ಮೀಟರ್ ಉದ್ದ. ಅದರಲ್ಲಿ ಒಂದು ಅಸ್ಥಿಪಂಜರ ಕೂತುಕೊಂಡು ಬ್ಯಾಗ್‌ಪೈಪ್ ಊದುತ್ತಿದೆ. ಊದುವುದಕ್ಕೆ ತುಟಿಯೇ ಇಲ್ಲ, ಆದರೂ ಊದುತ್ತಿದೆ!

ಲ್ಯೂಬೆಕ್ಕಿನ ಚಿತ್ರದ ಕೆಳಗೆ ಪದ್ಯಗಳಿದ್ದವು. ಪ್ರತಿಯೊಬ್ಬರೂ ಸಾವಿನ ಜೊತೆ ಮಾತಾಡುತ್ತಾರೆ. ದೊಡ್ಡವರೆಲ್ಲ ಒಂದೊಂದು ನೆಪ ಹೇಳುತ್ತಾರೆ. ಕೊನೆಗೆ ತೊಟ್ಟಿಲಲ್ಲಿರುವ ಕೂಸಿನ ಸರದಿ. ಅದರ ಮಾತನ್ನು ನಾನು ಕನ್ನಡದಲ್ಲಿ ಹೀಗೆ ಹೇಳುತ್ತೇನೆ. "ಸಾವೇ, ಇದು ನನಗೆ ಹೇಗೆ ತಿಳಿಯಬೇಕು? ಕುಣಿ ಅಂತೀಯ. ನನಗಿನ್ನೂ ನಡೆಯೋಕೇ ಬರಲ್ಲ."

(ಇಲ್ಲಿ ನಾನು ಸ್ವಲ್ಪ ಹೊತ್ತು ಮಾತು ನಿಲ್ಲಿಸಿದ್ದೆ. ಸಭೆಯಲ್ಲಿ ಮಡಿಲಲ್ಲಿ ಮಗು ಇಟ್ಟುಕೊಂಡ ತಾಯಂದಿರಿದ್ದರು.)

ಇದು ನಗೆಯ ಮಾತಾ, ಅಳುವಿನ ಮಾತಾ? ನನಗೆ ಎರಡೂ. ಎರಡನ್ನೂ ಬಿಡಿಸಿ ಬೇರೆ ಮಾಡಲು ನಾನು ಪ್ರಯತ್ನಿಸಿದ್ದೇನೆ, ಆಗಲಿಲ್ಲ.

ಕುಣಿತದ ಸಾಲಿನಿಂದ ಅಸ್ಥಿಪಂಜರವನ್ನು ಹೊರಗೆ ತಂದು ಮನೆ ಮನೆಗೆ ಕಳಿಸಿದವನು ಹಾನ್ಸ್ ಹಾಲ್ಬೈನ್. 1520ರ ದಶಕದಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿದ್ದಾಗ, ಪುಟ್ಟ ಪುಟ್ಟ ಚಿತ್ರಗಳನ್ನು ಬರೆದ. ಹಾನ್ಸ್ ಲ್ಯುಟ್ಸೆಲ್‌ಬುರ್ಗರ್ ಅನ್ನುವ ಕೆತ್ತನೆಗಾರ ಅವನ್ನು ಮರದಚ್ಚಿನಲ್ಲಿ ಕೆತ್ತಿದ. ಒಂದೊಂದೂ ಎಷ್ಟು ಚಿಕ್ಕದು ಗೊತ್ತಾ? ಎತ್ತರ ಆರೂವರೆ ಸೆಂಟಿಮೀಟರ್, ಅಗಲ ಐದಕ್ಕಿಂತ ಸ್ವಲ್ಪ ಕಮ್ಮಿ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಕೆತ್ತುತ್ತಾ ಕೆತ್ತುತ್ತಾ, ಕೆಲಸ ಪೂರ್ತಿ ಮುಗಿಯುವ ಮೊದಲೇ, 1526ರಲ್ಲಿ ಲ್ಯುಟ್ಸೆಲ್‌ಬುರ್ಗರ್ ತೀರಿಕೊಂಡ. ಸಾವಿನ ಚಿತ್ರ ಕೆತ್ತುತ್ತಿದ್ದ ಕೈ ಅರ್ಧದಲ್ಲೇ ನಿಂತಿತು. 1538ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ 41 ಚಿತ್ರಗಳ ಪುಸ್ತಕವಾಗಿ ಅವು ಅಚ್ಚಾದವು.

ಅದರಲ್ಲಿ ಎರಡು ಚಿತ್ರ ನನಗೆ ತುಂಬಾ ಇಷ್ಟ. ಒಂದರಲ್ಲಿ ಮುದುಕ ರೈತ ನೇಗಿಲು ಹಿಡಿದಿದ್ದಾನೆ. ಅವನ ಕುದುರೆಗಳ ಪಕ್ಕದಲ್ಲಿ ಅಸ್ಥಿಪಂಜರ ಓಡುತ್ತಾ ಕುದುರೆ ಹೊಡೆಯುತ್ತಿದೆ. ಹಿಂದೆ ಸೂರ್ಯ ಮುಳುಗುತ್ತಿದ್ದಾನೆ. ಈ ಅಸ್ಥಿಪಂಜರವನ್ನು ನೋಡಿದರೆ ಭಯ ಆಗುವುದಿಲ್ಲ. ಹೊಲದ ಕೆಲಸಕ್ಕೆ ಬಂದ ಆಳಿನ ಥರ ಇದೆ. "ಇದೊಂದು ಸಾಲು ಮುಗಿಸಿಬಿಡೋಣ ಅಜ್ಜ, ಆಮೇಲೆ ಹೋಗೋಣ" ಅನ್ನುವ ಹಾಗಿದೆ. ರೈತರ ಮನೆಯಲ್ಲಿ ಹುಟ್ಟಿದವರಿಗೆ ಈ ಚಿತ್ರ ಬೇಗ ಅರ್ಥವಾಗುತ್ತದೆ.

ಇನ್ನೊಂದರಲ್ಲಿ ಮುರುಕು ಗುಡಿಸಲು. ತಾಯಿ ಒಲೆ ಮುಂದೆ ಏನೋ ಬೇಯಿಸುತ್ತಿದ್ದಾಳೆ. ಅಸ್ಥಿಪಂಜರ ಚಿಕ್ಕ ಮಗುವಿನ ಕೈ ಹಿಡಿದು ಹೊರಗೆ ಕರೆದುಕೊಂಡು ಹೊರಟಿದೆ. ಮಗು ತಿರುಗಿ ಮನೆಯ ಕಡೆ ಕೈ ಚಾಚಿದೆ. ಇದರ ಬಗ್ಗೆ ಜಾಸ್ತಿ ಹೇಳಲಾರೆ.

ಅಂಗರಚನೆಯ ಪುಸ್ತಕಗಳ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. 1543ರಲ್ಲಿ ವೆಸಾಲಿಯಸ್ ಅನ್ನುವ ವೈದ್ಯ ಮನುಷ್ಯನ ದೇಹದ ಮೇಲೆ ಒಂದು ಮಹಾ ಗ್ರಂಥ ತಂದ. ಆಗ ಅವನಿಗೆ 28 ವರ್ಷ. ಅದು ವೈದ್ಯರಿಗಾಗಿ ಬರೆದದ್ದು, ಮೂಳೆ ತೋರಿಸಿದರೆ ಸಾಕಿತ್ತು. ಆದರೆ ಅದರಲ್ಲಿ ಒಂದು ಅಸ್ಥಿಪಂಜರ ಸಮಾಧಿಯ ಮೇಲೆ ಮೊಣಕೈ ಊರಿ ನಿಂತಿದೆ. ಕೆನ್ನೆಗೆ ಒಂದು ಕೈ. ಇನ್ನೊಂದು ಕೈ ಬೇರೆ ಯಾರದೋ ತಲೆಬುರುಡೆಯ ಮೇಲೆ. ಯೋಚನೆ ಮಾಡುತ್ತಿದೆ. ಬಸ್ ತಪ್ಪಿಸಿಕೊಂಡು ಊರಾಚೆ ಒಬ್ಬನೇ ನಿಂತವನ ಹಾಗೆ. ಪಾಠದ ಪುಸ್ತಕದಲ್ಲಿ ಇಂಥ ಒಂಟಿತನವನ್ನು ನಾನು ಬೇರೆಲ್ಲೂ ನೋಡಿಲ್ಲ.

ವ್ಯಾನ್‌ಗೋ ಹೆಸರು ನಿಮಗೆಲ್ಲ ಗೊತ್ತು. ಅವನು 1886ರ ಶುರುವಿನಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ಕಲಾಶಾಲೆಗೆ ಸೇರಿದ. ಅಲ್ಲಿಯೂ ನಮ್ಮ ಹಾಗೆ ಅಸ್ಥಿಪಂಜರ ನೋಡಿ ಬರೆಯುವ ಅಭ್ಯಾಸ. ಅವನು ಆ ಹೊತ್ತಿಗೆ ಬರೆದ ಒಂದು ಸಣ್ಣ ತೈಲಚಿತ್ರ ಈಗ ಆಮ್‌ಸ್ಟರ್‌ಡ್ಯಾಮಿನ ಸಂಗ್ರಹಾಲಯದಲ್ಲಿದೆ. ಅಸ್ಥಿಪಂಜರದ ಹಲ್ಲಿನ ಮಧ್ಯೆ ಹೊತ್ತಿದ ಸಿಗರೇಟು! ತರಗತಿಯ ತಮಾಷೆ ಅಂತಲೇ ಇದನ್ನು ಬಹಳ ಜನ ನೋಡುತ್ತಾರೆ. ತಮಾಷೆಯೇ ಇರಬಹುದು. ಆದರೆ ಅವನ ಆ ಚಳಿಗಾಲ ಹೇಗಿತ್ತು ಅಂತ ತಿಳಿದರೆ ನಗು ಅರ್ಧಕ್ಕೇ ನಿಲ್ಲುತ್ತದೆ. ಸರಿಯಾಗಿ ಊಟ ಇಲ್ಲ. ಹಲ್ಲು ಹಾಳಾಗಿದ್ದವು. ಕೆಮ್ಮು. ಇದ್ದ ದುಡ್ಡು ಬಣ್ಣಕ್ಕೆ, ಮಾಡೆಲ್‌ಗಳಿಗೆ. ಹಸಿವು ಮರೆಯಲು ಹೊಗೆ ಸೇದುತ್ತಿದ್ದ. ಬಡತನದಲ್ಲಿ ಓದಿದ ಎಷ್ಟು ಹುಡುಗರು ಒಂದು ಟೀ, ಒಂದು ಬೀಡಿಯಲ್ಲಿ ರಾತ್ರಿ ಕಳೆದಿಲ್ಲ? ನಾನು ಈ ಚಿತ್ರದಲ್ಲಿ ಅವರನ್ನು ನೋಡುತ್ತೇನೆ.

ಈಗ ನನ್ನ ಮನಸ್ಸಿಗೆ ತೀರಾ ಹತ್ತಿರದವನ ಹತ್ತಿರ ಬರುತ್ತೇನೆ. ಇವತ್ತಿನ ಮಾತಿಗೆ ನಾನು ಒಪ್ಪಿಕೊಂಡದ್ದೇ ಇವನಿಗೋಸ್ಕರ.

ಜೇಮ್ಸ್ ಎನ್ಸೊರ್. ಬೆಲ್ಜಿಯಂನ ಕಡಲ ತೀರದ ಒಸ್ಟೆಂಡ್ ಊರಿನವನು. 1860ರ ಏಪ್ರಿಲ್ 13ರಂದು ಹುಟ್ಟಿದ. ಬ್ರಸೆಲ್ಸಿನಲ್ಲಿ ಮೂರು ವರ್ಷ ಓದಿ ಬಂದದ್ದು ಬಿಟ್ಟರೆ ಬದುಕನ್ನೆಲ್ಲ ಒಸ್ಟೆಂಡಿನಲ್ಲೇ ಕಳೆದ. ಅಪ್ಪ ಇಂಗ್ಲಿಷಿನವರು, ಓದಿಕೊಂಡವರು, ಆದರೆ ಕುಡಿತಕ್ಕೆ ಬಿದ್ದರು. ಮನೆ ನಡೆಸಿದ್ದು ಅಮ್ಮನ ಕಡೆಯವರ ಅಂಗಡಿ. ಎಂಥ ಅಂಗಡಿ ಅಂತೀರಾ! ಕಡಲು ನೋಡಲು ಬರುವವರು ಕೊಳ್ಳುವ ಚಿಪ್ಪು, ಶಂಖ, ಪಿಂಗಾಣಿ, ಜೊತೆಗೆ ಕಾರ್ನಿವಲ್ ಹಬ್ಬಕ್ಕೆ ಬೇಕಾಗುವ ಮುಖವಾಡಗಳು. ಜಾತ್ರೆಯ ಆಟಿಕೆ ಅಂಗಡಿಯನ್ನೇ ಮನೆ ಮಾಡಿಕೊಂಡ ಹಾಗೆ. ಆ ಅಂಗಡಿಯ ಮೇಲೆ, ಅಟ್ಟದ ಕೋಣೆಯಲ್ಲಿ, ಈತ ಚಿತ್ರ ಬರೆಯುತ್ತಿದ್ದ. ಕೆಳಗೆ ಮುಖವಾಡ, ಮೇಲೆ ಒಬ್ಬನೇ ಮನುಷ್ಯ.

ಆ ಊರಿಗೆ ಒಂದು ಇತಿಹಾಸವೂ ಇದೆ. 1601ರಿಂದ 1604ರವರೆಗೆ ಸ್ಪೇನಿನ ಸೈನ್ಯ ಆ ಊರನ್ನು ಮುತ್ತಿಗೆ ಹಾಕಿ ಕೂತಿತ್ತು. ಎರಡೂ ಕಡೆ ಸೇರಿ ಹತ್ತಾರು ಸಾವಿರ ಜನ ಸತ್ತರು. ಆ ಎಲುಬುಗಳು ಮರಳಿನಲ್ಲಿ ಉಳಿದಿದ್ದವು, ನೆಲ ಅಗೆದರೆ ಮೇಲೆ ಬರುತ್ತಿದ್ದವು. ನಾವು ಮಕ್ಕಳಾಗಿದ್ದಾಗ ಹೊಳೆ ದಂಡೆಯಲ್ಲಿ ಬೆಣಚುಕಲ್ಲು ಆರಿಸುತ್ತಿದ್ದೆವಲ್ಲ, ಅಂಥ ಮರಳಿನ ಊರು. ಅಲ್ಲಿ ಬೆಳೆದವನಿಗೆ ಅಸ್ಥಿಪಂಜರ ಪರಕೀಯ ಅನ್ನಿಸದೇ ಹೋದರೆ ಆಶ್ಚರ್ಯವಿಲ್ಲ.

1887ರಲ್ಲಿ ಅಪ್ಪ ತೀರಿಕೊಂಡರು. ಮುಂದಿನ ವರ್ಷ ಎನ್ಸೊರ್ ಒಂದು ಪುಟ್ಟ ಎಚ್ಚಿಂಗ್ ಮಾಡಿದ. ಲೋಹದ ತಟ್ಟೆಯನ್ನು ಆಸಿಡ್‌ನಲ್ಲಿ ಕೊರೆಸಿ ಅಚ್ಚು ಹಾಕುವ ವಿಧಾನ ಅದು. ಒಂದು ಅಸ್ಥಿಪಂಜರ ಪಕ್ಕಕ್ಕೆ ಒರಗಿ ಆರಾಮಾಗಿ ಮಲಗಿದೆ. ಅದರ ಹೆಸರು "1960ರಲ್ಲಿ ನನ್ನ ಚಿತ್ರ". ಬರೆದಾಗ ಅವನಿಗೆ 28 ವರ್ಷ. 1960ಕ್ಕೆ 100 ತುಂಬುತ್ತದೆ. ನೂರನೇ ಹುಟ್ಟುಹಬ್ಬಕ್ಕೆ ತನ್ನ ಚಿತ್ರವನ್ನು ತಾನೇ ಮುಂಗಡವಾಗಿ ಬರೆದಿಟ್ಟ! ಮರುವರ್ಷ ಇನ್ನೊಂದು ಎಚ್ಚಿಂಗ್. ಕಿಟಕಿಯ ಹತ್ತಿರ ತಾನು ನಿಂತ ಹಾಗೆ ಬರೆದ. ಆಮೇಲೆ ಅದೇ ತಟ್ಟೆಯಲ್ಲಿ ತನ್ನ ಮುಖವನ್ನು ಕೆರೆದು ಅಲ್ಲಿ ತಲೆಬುರುಡೆ ಬರೆದ. ಕೋಟು ಹಾಗೇ ಇದೆ. ನಿಂತ ಭಂಗಿ ಹಾಗೇ ಇದೆ.

ಇವನಿಗೆ ತಮಾಷೆ ಎಷ್ಟು ಇಷ್ಟ ಅನ್ನುವುದಕ್ಕೆ 1891ರ ಒಂದು ಚಿತ್ರ ನೋಡಿ. ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಎರಡು ಅಸ್ಥಿಪಂಜರಗಳು ಹೊಗೆಗೆ ಇಟ್ಟು ಒಣಗಿಸಿದ ಒಂದು ಮೀನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಆ ಕಡೆ ಈ ಕಡೆ ಎಳೆಯುತ್ತಿವೆ. ಹಿಂದೆ ತಿಳಿಯಾದ ಆಕಾಶ. ಇದರಲ್ಲಿ ಒಂದು ಮಾತಿನ ಆಟ ಇದೆ. ಆ ಮೀನಿಗೆ ಫ್ರೆಂಚಿನಲ್ಲಿ 'ಅರಾಂ ಸೋರ್' ಅನ್ನುತ್ತಾರೆ. 'ಎನ್ಸೊರನ ಕಲೆ' ಅನ್ನುವುದಕ್ಕೆ 'ಆರ್ ಆಂಸೋರ್'. ಎರಡನ್ನೂ ಬೇಗ ಹೇಳಿ ನೋಡಿ, ಒಂದೇ ಥರ ಕೇಳುತ್ತದೆ. ಅಂದರೆ ಆ ಮೀನು ಇವನೇ. ಕಿತ್ತಾಡುತ್ತಿರುವವರು ಇವನ ಚಿತ್ರಗಳನ್ನು ಹಿಡಿದು ಜಗ್ಗಾಡಿದ ವಿಮರ್ಶಕರು. ಅವರ ಮೇಲೆ ಇವನಿಗೆ ಸಿಟ್ಟು ಇದ್ದೇ ಇತ್ತು. 1888ರಲ್ಲಿ ಬರೆದ ಅವನ ಅತಿ ದೊಡ್ಡ ಚಿತ್ರ, ಕ್ರಿಸ್ತ ಬ್ರಸೆಲ್ಸ್ ನಗರಕ್ಕೆ ಬರುವ ಚಿತ್ರ, ಸಾರ್ವಜನಿಕರ ಮುಂದೆ ಪ್ರದರ್ಶನ ಕಂಡದ್ದು 1929ರಲ್ಲಿ. 41 ವರ್ಷ ಅದು ಅವನ ಹತ್ತಿರವೇ ಇತ್ತು.

ಇನ್ನು ಈ ಚಿತ್ರ. ದಯವಿಟ್ಟು ಹಿಂದಿನ ದೀಪ ಆರಿಸಿ, ಸರಿಯಾಗಿ ಕಾಣಬೇಕು.

1889ರದು. ಈಗ ಅಮೆರಿಕದ ಟೆಕ್ಸಸ್‌ನ ಫೋರ್ಟ್‌ವರ್ತ್ ಊರಿನ ಕಿಂಬೆಲ್ ಸಂಗ್ರಹಾಲಯದಲ್ಲಿದೆ. ಹೆಸರು "ಚಳಿ ಕಾಯಿಸಿಕೊಳ್ಳುತ್ತಿರುವ ಅಸ್ಥಿಪಂಜರಗಳು". ಒಂದು ಕೋಣೆ. ಮಧ್ಯದಲ್ಲಿ ಕಬ್ಬಿಣದ ಒಲೆ. ಅದರ ಸುತ್ತ ಬಟ್ಟೆ ತೊಟ್ಟ ಅಸ್ಥಿಪಂಜರಗಳು ಸೇರಿವೆ. ಮುಂದೆ ಮೂರು, ಸುತ್ತಮುತ್ತ ಇನ್ನೂ ಕೆಲವು ತಲೆಬುರುಡೆಗಳು. ಬಣ್ಣ ಎಲ್ಲ ತೆಳು, ಮುಂಜಾನೆಯ ಬೆಳಕಿನಂಥದ್ದು. ನೆಲದ ಮೇಲೆ ಕೆಲವು ಸಾಮಾನು ಬಿದ್ದಿವೆ. ಬಣ್ಣ ಕಲಸುವ ಹಲಗೆ ಮತ್ತು ಕುಂಚ. ಒಂದು ಪಿಟೀಲು. ಒಂದು ದೀಪ. ಚಿತ್ರ, ಸಂಗೀತ, ಓದು ಬರಹ, ಮೂರೂ ಅಲ್ಲಿವೆ.

ಒಲೆಯ ಮೇಲೆ ಫ್ರೆಂಚಿನಲ್ಲಿ ಏನೋ ಬರೆದಿದೆ. ಅದರ ಅರ್ಥ ಇಷ್ಟು. "ಬೆಂಕಿ ಇಲ್ಲ. ನಾಳೆ ಸಿಗುತ್ತಾ ನಿಮಗೆ?"

ಈ ಮಾತನ್ನು ನಾನು ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಸತ್ತವರಿಗೆ ನಾಳೆ! ಆಮೇಲೆ ರಾತ್ರಿ ಮಲಗಿದಾಗ ಅದು ಮತ್ತೆ ನೆನಪಿಗೆ ಬಂತು. ನಾಳೆ ಸಿಗುತ್ತಾ? ಕೆಲಸ ಹುಡುಕುವವರು ದಿನಾ ಕೇಳಿಕೊಳ್ಳುವ ಮಾತು. ರೇಷನ್ ಅಂಗಡಿಯ ಬಾಗಿಲು ಹಾಕಿರುವುದನ್ನು ನೋಡಿ ವಾಪಸ್ ಬರುವವರ ಮಾತು. ಮಕ್ಕಳು ದೂರದ ಊರಿನಲ್ಲಿದ್ದು, ಇವತ್ತು ಫೋನ್ ಬರಲಿಲ್ಲ ಅಂತ ಮಲಗುವ ಅಪ್ಪ ಅಮ್ಮಂದಿರ ಮಾತು. ಇವರೆಲ್ಲ ಬದುಕಿರುವವರೇ. ಎನ್ಸೊರ್ ಅವರ ಚರ್ಮ ಮಾಂಸ ತೆಗೆದು ಚಳಿಯೊಂದನ್ನು ಮಾತ್ರ ಉಳಿಸಿದ.

ಮತ್ತೆ ಗಮನಿಸಿ, ಅವರು ಒಟ್ಟಿಗೆ ಇದ್ದಾರೆ. ಆದರೆ ಯಾರೂ ಯಾರನ್ನೂ ನೋಡುತ್ತಿಲ್ಲ. ಕಣ್ಣೇ ಇಲ್ಲ, ಹೇಗೆ ನೋಡುತ್ತಾರೆ ಅಂತ ನೀವು ಕೇಳಬಹುದು. ಆದರೆ ತಲೆ ಯಾವ ಕಡೆ ತಿರುಗಿದೆ ಅನ್ನುವುದರಲ್ಲೇ ಎಲ್ಲ ಇದೆ. ನಾಲ್ಕು ಜನರ ನಡುವೆ ಕೂತು ಒಬ್ಬನೇ ಇರುವುದು ಅಂದರೆ ಏನು ಅಂತ ಇಷ್ಟು ಚೆನ್ನಾಗಿ ತೋರಿಸಿದ ಚಿತ್ರ ನನಗೆ ಇನ್ನೊಂದು ಗೊತ್ತಿಲ್ಲ. ಮುಖ ಬರೆದು ತೋರಿಸುವುದು ಸುಲಭ. ಹುಬ್ಬು ಗಂಟಿಕ್ಕಬಹುದು, ಕಣ್ಣಲ್ಲಿ ನೀರು ತರಬಹುದು. ತಲೆಬುರುಡೆಗೆ ಇರುವುದು ಒಂದೇ ಮುಖ, ಹಲ್ಲು ಬಿಟ್ಟ ಮುಖ. ಅದು ಅಳುವಾಗಲೂ ನಗುತ್ತಲೇ ಇರುತ್ತದೆ. ಆದ್ದರಿಂದ ಬೆನ್ನು ಬಾಗಿಸಿ, ಭುಜ ಇಳಿಸಿ, ಕೈ ಚಾಚಿಸಿ ಹೇಳಬೇಕು. ಮಕ್ಕಳೇ, ನೀವು ಬರೆಯುವಾಗ ಇದನ್ನು ನೆನಪಿಡಿ. ಮುಖ ಬಿಟ್ಟು ಬೆನ್ನಿನಲ್ಲಿ ದುಃಖ ತೋರಿಸಿ ನೋಡಿ.

ಎನ್ಸೊರ್ ಮದುವೆಯಾಗಲಿಲ್ಲ. ವಯಸ್ಸಾದ ಮೇಲೆ ಹೆಸರು ಬಂತು. 1929ರಲ್ಲಿ ಬ್ಯಾರನ್ ಅನ್ನುವ ಬಿರುದೂ ಸಿಕ್ಕಿತು. 1917ರಲ್ಲಿ ಸೋದರಮಾವನ ಮನೆಗೆ ಹೋಗಿ ನೆಲೆಸಿದ. ಅದರ ಕೆಳಗೂ ಚಿಪ್ಪು ಮುಖವಾಡಗಳ ಅಂಗಡಿ. ವ್ಯಾಪಾರ ನಿಲ್ಲಿಸಿದ, ಸಾಮಾನುಗಳನ್ನು ಹಾಗೇ ಉಳಿಸಿಕೊಂಡ. ಮನೆಗೆ ಬಂದವರಿಗೆ ಹಾರ್ಮೋನಿಯಂ ನುಡಿಸಿ ಕೇಳಿಸುತ್ತಿದ್ದ. ಹೌದು, ನಮ್ಮ ನಾಟಕ ಕಂಪನಿಗಳಲ್ಲಿ ಕಾಲಲ್ಲಿ ತುಳಿದು ನುಡಿಸುತ್ತಿದ್ದರಲ್ಲ, ಅಂಥದ್ದೇ ಕಾಲು ಹಾರ್ಮೋನಿಯಂ. 1949ರ ನವೆಂಬರ್ 19ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡ. ಒಸ್ಟೆಂಡಿನಲ್ಲೇ, ಕಡಲ ಮರಳಿನ ಪಕ್ಕದ ಚರ್ಚಿನ ಅಂಗಳದಲ್ಲಿ ಅವನ ಸಮಾಧಿ ಇದೆ. ತಾನೇ ಬರೆದಿಟ್ಟುಕೊಂಡ 1960 ಬರುವ ಹೊತ್ತಿಗೆ ಅವನು ಆ ಮರಳಿನಲ್ಲಿ ಮಲಗಿ ಹನ್ನೊಂದನೇ ವರ್ಷ ನಡೆಯುತ್ತಿತ್ತು.

ನಗುವ ಅಸ್ಥಿಪಂಜರ ಅಂದರೆ ಈಗಿನ ಮಕ್ಕಳಿಗೆ ಮೆಕ್ಸಿಕೊ ನೆನಪಾಗುತ್ತದೆ. ನವೆಂಬರ್ 1 ಮತ್ತು 2ರಂದು ಅಲ್ಲಿ ಸತ್ತವರ ದಿನ. ನಮ್ಮಲ್ಲಿ ಪಿತೃಪಕ್ಷಕ್ಕೆ ಹಿರಿಯರಿಗೆ ಎಡೆ ಇಡುವುದಿಲ್ಲವೇ, ಹಾಗೆ ಅಲ್ಲಿಯೂ ಸತ್ತವರಿಗೆ ಇಷ್ಟವಾದ ತಿಂಡಿ, ಹೂವು ಇಡುತ್ತಾರೆ. ನಾವು ಕಾಗೆಗೆ ಕಾಯುತ್ತೇವೆ. ಅವರು ಸಕ್ಕರೆಯಲ್ಲಿ ತಲೆಬುರುಡೆ ಮಾಡಿ ಅದರ ಮೇಲೆ ಹೆಸರು ಬರೆಸುತ್ತಾರೆ. ಬದುಕಿರುವ ಗೆಳೆಯರ ಹೆಸರನ್ನೂ ಬರೆಸುತ್ತಾರೆ!

ಅಲ್ಲಿನ ಅಸ್ಥಿಪಂಜರಗಳಿಗೆ ಇವತ್ತಿನ ರೂಪ ಕೊಟ್ಟವನು ಹೊಸೆ ಗುವಾದಲೂಪೆ ಪೊಸಾದ. 1852ರಲ್ಲಿ ಅಗ್ವಾಸ್‌ಕಾಲಿಯೆಂತೆಸ್ ಊರಿನಲ್ಲಿ ಹುಟ್ಟಿದ. 1888ರಲ್ಲಿ ಮೆಕ್ಸಿಕೊದ್ದೇ ಆದ ಲಿಯೊನ್ ಊರಿಗೆ ಪ್ರವಾಹ ಬಂದ ಮೇಲೆ ಅಲ್ಲಿಂದ ಮೆಕ್ಸಿಕೊ ನಗರ ಸೇರಿದ. ವನೇಗಾಸ್ ಅರೋಯೊ ಅನ್ನುವ ಪ್ರಕಾಶಕರ ಅಚ್ಚುಕೂಟಕ್ಕೆ ಕೆಲಸ ಮಾಡುತ್ತಿದ್ದ. ಬೀದಿಯಲ್ಲಿ ಕಾಸಿಗೊಂದರಂತೆ ಮಾರುವ ಹಾಳೆಗಳಿಗೆ ಚಿತ್ರ. ಕೊಲೆ ಸುದ್ದಿ, ಹಾಡು, ಹಬ್ಬದ ಪದ್ಯ ಎಲ್ಲದಕ್ಕೂ. ಸೈಕಲ್ ತುಳಿಯುವ ಅಸ್ಥಿಪಂಜರ, ಕಸ ಗುಡಿಸುವ ಅಸ್ಥಿಪಂಜರ. ಶಾಲೆಗೆ ಹೋಗುವ ಒಬ್ಬ ಹುಡುಗ ದಿನಾ ನಿಂತು ಕಿಟಕಿಯಿಂದ ಅವನ ಕೆಲಸ ನೋಡುತ್ತಿದ್ದ. ಆ ಹುಡುಗ ಮುಂದೆ ದೊಡ್ಡ ಚಿತ್ರಗಾರ ಒರೊಸ್ಕೊ ಆದ.

ಪೊಸಾದನ ಎಲ್ಲಕ್ಕಿಂತ ಹೆಸರಾದ ಚಿತ್ರ ಹೂವು ಗರಿಗಳ ದೊಡ್ಡ ಟೋಪಿ ಹಾಕಿಕೊಂಡ ಹೆಣ್ಣು ತಲೆಬುರುಡೆ. ತಮ್ಮ ಮೂಲ ಮುಚ್ಚಿಟ್ಟು ಯುರೋಪಿನವರ ಹಾಗೆ ತೋರಿಸಿಕೊಳ್ಳುವವರನ್ನು ಅಣಕಿಸಿ ಬರೆದದ್ದು. ಅವನು ಬರೆದದ್ದು ತಲೆ ಭುಜ ಇಷ್ಟನ್ನೇ. ಅವಳಿಗೆ ಪೂರ್ತಿ ಮೈ, ಉದ್ದನೆಯ ಲಂಗ ಕೊಟ್ಟವನು ಮೆಕ್ಸಿಕೊದ ಇನ್ನೊಬ್ಬ ಚಿತ್ರಗಾರ ದಿಯೆಗೊ ರಿವೆರಾ, 1947ರ ಒಂದು ದೊಡ್ಡ ಗೋಡೆ ಚಿತ್ರದಲ್ಲಿ. ಅದರಲ್ಲಿ ಅವಳು ಭಾನುವಾರದ ಮಧ್ಯಾಹ್ನ ಪಾರ್ಕಿನಲ್ಲಿ ನಿಂತಿದ್ದಾಳೆ. ಒಂದು ಕಡೆ ಪೊಸಾದ, ಅವಳ ತೋಳು ಹಿಡಿದು. ಇನ್ನೊಂದು ಕಡೆ ರಿವೆರಾ, ಚಿಕ್ಕ ಹುಡುಗನಾಗಿ, ಅವಳ ಕೈ ಹಿಡಿದು. ಅಮ್ಮನ ಕೈ ಹಿಡಿದು ಜಾತ್ರೆಗೆ ಬಂದ ಹಾಗೆ. ಕತ್ರಿನಾ ಅನ್ನುವ ಹೆಸರಿನಲ್ಲಿ ಅವಳು ಈಗ ಲೋಕಕ್ಕೆಲ್ಲ ಗೊತ್ತು.

ಪೊಸಾದ ಇದನ್ನೆಲ್ಲ ನೋಡಲಿಲ್ಲ. 1913ರ ಜನವರಿ 20ರಂದು ಬಡತನದಲ್ಲಿ ತೀರಿಕೊಂಡ. ಬಡವರಿಗೆ ಕೊಡುವ ಜಾಗದಲ್ಲಿ ಹೂಳಿದರು. ಕೆಲವು ವರ್ಷ ಕಳೆದರೂ ಕೇಳುವವರು ಬರಲಿಲ್ಲ ಅಂತ ಅವನ ಎಲುಬುಗಳನ್ನು ತೆಗೆದು ಉಳಿದವರ ಎಲುಬುಗಳ ಜೊತೆ ಒಂದೇ ಗುಂಡಿಗೆ ಹಾಕಿದರು. ಬದುಕೆಲ್ಲ ಎಲುಬು ಬರೆದವನ ಎಲುಬು ಯಾವುದು ಅಂತ ಈಗ ಯಾರೂ ತೋರಿಸಲಾರರು.

ನನ್ನ ಮಾತು ಇಲ್ಲಿಗೆ ಮುಗಿದಿತ್ತು. ಆಮೇಲೆ ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಬರೆಯಲೇಬೇಕು.

ಹಿರಿಯರೊಬ್ಬರು ಎದ್ದು ಕೇಳಿದರು. "ಎಲ್ಲ ಹೊರಗಿನವರದೇ ಆಯ್ತಲ್ಲ. ನಮ್ಮಲ್ಲಿ ಎಲುಬು ಕೆತ್ತಿಲ್ವಾ?"

ಕೆತ್ತಿದ್ದಾರೆ. ಬಾದಾಮಿಯ ಒಂದನೇ ಗುಹೆಗೆ ಹೋದರೆ ಅರ್ಧನಾರೀಶ್ವರನ ಪಕ್ಕದಲ್ಲಿ ಬರೀ ಎಲುಬಾಗಿ ನಿಂತ ಭೃಂಗಿಯನ್ನು ನೋಡಬಹುದು. ಕಥೆ ನಿಮಗೆ ಗೊತ್ತಿರುತ್ತದೆ. ನಾನು ಶಿವನಿಗೆ ಮಾತ್ರ ಸುತ್ತು ಬರುತ್ತೇನೆ, ಪಾರ್ವತಿಗೆ ಬರಲ್ಲ ಅಂತ ಹಟ ಹಿಡಿದ. ಅವಳಿಗೆ ಸಿಟ್ಟು ಬಂತು, ಅವನ ಮೈಯ ರಕ್ತ ಮಾಂಸ ಹೋಯಿತು. ನಿಲ್ಲಲಾರದೆ ತೂರಾಡುತ್ತಿದ್ದವನಿಗೆ ಶಿವ ಮೂರನೇ ಕಾಲು ಕೊಟ್ಟ. ನಗು ಬರುವ ಕಥೆಯೇ. ಆದರೆ ಗಂಡ ಹೆಂಡತಿ ಒಂದೇ ಮೈಯಾಗಿ ನಿಂತ ಪಕ್ಕದಲ್ಲಿ ಇವನೊಬ್ಬನೇ, ಎಲುಬಾಗಿ. ಇನ್ನೊಂದು, ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ದೊಡ್ಡಗದ್ದವಳ್ಳಿ. 12ನೇ ಶತಮಾನದ ಶುರುವಿನ ಹೊಯ್ಸಳ ಗುಡಿ. ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಕಟ್ಟಿಸಿದ್ದು. ಅಲ್ಲಿ ಕಾಳಿಯ ಗುಡಿಯ ಬಾಗಿಲಿಗೆ ಎರಡು ಬೇತಾಳ ನಿಂತಿವೆ. ಪಕ್ಕೆಲುಬು ಎಣಿಸಬಹುದು. ಅವಕ್ಕೂ ಒಂದು ಕೆಲಸ ಇದೆ, ಬಾಗಿಲು ಕಾಯುವುದು. ಸುಮಾರು 900 ವರ್ಷದಿಂದ ಕಾಯುತ್ತಿವೆ.

ಎರಡನೇ ಪ್ರಶ್ನೆ ಕೇಳಿದವಳು ಮುಂದಿನ ಸಾಲಿನಲ್ಲಿ ಅಜ್ಜಿಯ ಜೊತೆ ಕೂತಿದ್ದ ಹುಡುಗಿ. ಆರನೇ ಕ್ಲಾಸೋ ಏಳನೇ ಕ್ಲಾಸೋ ಇರಬಹುದು. "ಸಾರ್, ಆ ಒಲೆ ಚಿತ್ರ ಇನ್ನೊಂದ್ಸಲ ಹಾಕ್ತೀರಾ?" ಅಂದಳು.

ಹಾಕಿದೆ.

ಎದ್ದು ಪರದೆಯ ಹತ್ತಿರ ಬಂದಳು. ನೆಲದ ಮೇಲೆ ಬಿದ್ದಿದ್ದ ಪಿಟೀಲಿಗೆ ಬೆರಳು ತೋರಿಸಿದಳು. ಆಮೇಲೆ ಬಣ್ಣದ ಹಲಗೆಗೆ.

"ಇದು ಮರದ್ದಲ್ವಾ ಸಾರ್? ಇದೂ ಮರದ್ದೇ. ಅಷ್ಟು ಚಳಿ ಇದ್ರೆ ಇದನ್ನೇ ಒಲೆಗೆ ಹಾಕಬಹುದಿತ್ತಲ್ಲ. ಯಾಕೆ ಹಾಕಿಲ್ಲ?"

ಎಷ್ಟೋ ವರ್ಷದಿಂದ ನೋಡಿದ ಚಿತ್ರ. ಈ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ನಾನು ಅವಳ ಪಕ್ಕದಲ್ಲಿ ಹೋಗಿ ನಿಂತು ಮತ್ತೆ ನೋಡಿದೆ. ಒಲೆ ತಣ್ಣಗಿತ್ತು. ಪಿಟೀಲು ಅವರ ಕೈಗೆಟಕುವ ದೂರದಲ್ಲೇ ಇತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.